ಕರೆಂಟು ಹೋದಾಗ ಹೇಳಬೇಕಾಗಿದ್ದ ಹದಿನೇಳನೆಯ ನಿಯಮ

ತುಮಕೂರು, 6 ಜುಲೈ 1984

ಮಾನ್ಯ ತಪಾಸಣಾಧಿಕಾರಿಗಳೇ,

ತಾವು ದಯಮಾಡಿ ಕಳಿಸಿದ ಹೊಸ ಸುರಕ್ಷತಾ ರಿಜಿಸ್ಟರು ತಲುಪಿತು. ಹಳೆಯದರಲ್ಲಿ ನಲವತ್ತೆರಡು ಕಾಲಂ ಇದ್ದವು, ಇದರಲ್ಲಿ ಎಪ್ಪತ್ತೊಂದು ಇವೆ. ಅದೂ ಇಂಗ್ಲಿಷಿನಲ್ಲಿತ್ತು, ಇದೂ ಇಂಗ್ಲಿಷಿನಲ್ಲೇ ಇದೆ. ನಮ್ಮ ಕಾರ್ಖಾನೆಯಲ್ಲಿ ಪುಟ್ಟಗಂಗಮ್ಮ ಎಂಬ ಹೆಂಗಸು ಬಲಗೈ ಕಳೆದುಕೊಂಡದ್ದಕ್ಕೆ ತಮ್ಮ ಕಚೇರಿ ಮೂರು ತಿಂಗಳು ತಲೆ ಕೆಡಿಸಿಕೊಂಡು ಹುಡುಕಿದ ಮದ್ದು ಇಪ್ಪತ್ತೊಂಬತ್ತು ಹೊಸ ಕಾಲಂ. ಇದನ್ನು ನಾನು ತುಂಬುವುದಿಲ್ಲ ಎಂದು ತಿಳಿಸುವುದಕ್ಕೇ ಈ ಪತ್ರ.

ನಾನು ಸತ್ಯಮಂಗಲದ ಒಂದು ತೆಂಗಿನ ನಾರಿನ ಕಾರ್ಖಾನೆಯ ಗುಮಾಸ್ತ. ತಾವು ನನ್ನನ್ನು ಮರೆತಿರಬಹುದು, ನನ್ನ ಅಕ್ಷರವನ್ನು ಮರೆತಿರಲಾರಿರಿ. ಕಳೆದ ವರ್ಷ ತಪಾಸಣೆಗೆ ಬಂದಾಗ ತಾವು ರಿಜಿಸ್ಟರು ತಿರುವಿ, "ಎಷ್ಟು ಮುದ್ದಾಗಿ ಬರೀತೀರಿ ಓಬಳಯ್ಯ" ಎಂದು ಬೆನ್ನು ತಟ್ಟಿದ್ದಿರಿ. ಎಳನೀರು ಕುಡಿದಿರಿ, ಸಹಿ ಹಾಕಿದಿರಿ, ಜೀಪು ಹತ್ತಿದಿರಿ. ಮೆಷಿನ್ನಿನ ಹತ್ತಿರ ಮಾತ್ರ ಹೋಗಲಿಲ್ಲ, ಅಲ್ಲಿ ಬಹಳ ಧೂಳು. ಆ ಮುದ್ದಾದ ಅಕ್ಷರದಲ್ಲಿ ನಾನು ಪ್ರತಿ ತಿಂಗಳೂ ಹಿಂದಿನ ತಿಂಗಳದ್ದನ್ನೇ ನಕಲು ಮಾಡುತ್ತಿದ್ದೆ. ಕಾರ್ಮಿಕರಿಗೆ ನಿಯಮಗಳನ್ನು ತಿಳಿಸಲಾಗಿದೆಯೇ? ಹೌದು. ಅರ್ಥವಾಗಿದೆಯೇ? ಹೌದು. ಕೊನೆಯಲ್ಲಿ ಅವರ ಹೆಬ್ಬೆಟ್ಟು ಒತ್ತಿಸುತ್ತಿದ್ದೆ. ಹೆಂಗಸರು ಇದೇನು ಅಂತ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಮಸಿ ಹತ್ತಿದ ಬೆರಳನ್ನು ನಾರಿನ ಗುಡ್ಡೆಗೆ ಒರೆಸಿ ಕೆಲಸಕ್ಕೆ ಹೋಗುತ್ತಿದ್ದರು.

ನಮ್ಮಲ್ಲಿ ಒಂದು ರೂಢಿಯಿತ್ತು. ಕಡಬದ ಕಡೆಯಿಂದ ಲಾರಿಯಲ್ಲಿ ಬರುವ ಸಿಪ್ಪೆಯನ್ನು ನೆನೆಸಿ, ಎರಡು ರೋಲರುಗಳ ನಡುವೆ ಹಾಕಿ ಜಜ್ಜುತ್ತಾರೆ. ನಾರು ರೋಲರಿಗೆ ಸುತ್ತಿಕೊಳ್ಳುತ್ತದೆ, ಬಿಡಿಸಬೇಕು. ಬಿಡಿಸಲು ಮೆಷಿನ್ನು ನಿಲ್ಲಿಸಿದರೆ ಉತ್ಪಾದನೆ ಹಾಳು. ಆದ್ದರಿಂದ ಕರೆಂಟು ಹೋಗುವುದನ್ನೇ ಕಾಯುತ್ತಿದ್ದರು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಅದಕ್ಕೇನು ಬರ? ಹೋದ ತಕ್ಷಣ ಮೇಸ್ತ್ರಿ ಆಂಜನಪ್ಪ, "ಕರೆಂಟ್ ಹೋಯ್ತು, ಕೈ ಹಾಕ್ರಮ್ಮ ಬಿರ್ರನೆ!" ಅಂತ ಕೂಗುತ್ತಿದ್ದ. ಹೆಂಗಸರು ರೋಲರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೈ ಹಾಕುತ್ತಿದ್ದರು. ಕರೆಂಟು ಇಲ್ಲದ ಮೆಷಿನ್ನು ಏನೂ ಮಾಡದು ಎಂಬುದು ಎಲ್ಲರ ನಂಬಿಕೆ. ಸ್ವಿಚ್ಚು ಆನ್ ಆಗಿಯೇ ಇರುತ್ತದೆ, ಕರೆಂಟು ಬಂದ ಗಳಿಗೆಯಲ್ಲಿ ರೋಲರು ತಾನಾಗಿಯೇ ತಿರುಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಷ್ಟು ವರ್ಷ ಅವರು ಬಚಾವಾದದ್ದು ಬರೀ ಅದೃಷ್ಟ.

ನನಗೆ ಗೊತ್ತಿತ್ತು ಸ್ವಾಮಿ. ರಿಜಿಸ್ಟರಿನ ಮೂರನೆಯ ಪುಟದಲ್ಲಿ, ಹದಿನೇಳನೆಯ ನಿಯಮ. ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಅಲ್ಲಿ ಅಂಟಿಸಿದ್ದು ನಾನೇ. ಮಾರ್ಚ್ ಹನ್ನೆರಡರ ಮಧ್ಯಾಹ್ನ ಕರೆಂಟು ಹೋದಾಗ, ಆಂಜನಪ್ಪ ಕೂಗಿದಾಗ, ನಾನು ಹತ್ತು ಮಾರು ದೂರದಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದೆ. ಪುಟ್ಟಗಂಗಮ್ಮ ಕೈ ಹಾಕಿದ್ದನ್ನೂ ನೋಡಿದೆ. ಐದು ನಿಮಿಷಕ್ಕೆ ಕರೆಂಟು ಬಂತು. ಮುಂದಿನದನ್ನು ಬರೆಯಲಾರೆ, ತಮ್ಮ ಫಾರಂನಲ್ಲೂ ಅದಕ್ಕೆ ಕಾಲಂ ಇಲ್ಲ.

ವಿಚಾರಣೆಯಲ್ಲಿ ತಾವು ರಿಜಿಸ್ಟರು ತೆರೆದು ಆಕೆಯ ಹೆಬ್ಬೆಟ್ಟನ್ನು ತೋರಿಸಿದಿರಿ. ನಿಯಮ ಓದಿ ಅರ್ಥ ಮಾಡಿಕೊಂಡಿದ್ದಾಳೆ, ಸಾಕ್ಷಿ ಇಲ್ಲಿದೆ ಎಂದಿರಿ. ಅಪಘಾತದ ಕಾರಣ: ಕಾರ್ಮಿಕಳ ಅಜಾಗರೂಕತೆ. ಬಲಗೈ ಹೆಬ್ಬೆಟ್ಟು, ಮಾನ್ಯರೇ. ಗೆರೆಗಳೆಲ್ಲ ಸ್ಪಷ್ಟವಾಗಿ ಮೂಡಿರುವ ಆ ಗುರುತು ಈಗಲೂ ನನ್ನ ಬೀರುವಿನಲ್ಲಿದೆ, ಆ ಬೆರಳು ಎಲ್ಲೂ ಇಲ್ಲ. ಬೀರು ತೆರೆಯಲು ನನಗೆ ಹೆದರಿಕೆಯಾಗುತ್ತದೆ. ಮನೆಯಲ್ಲಿ ಫ್ಯಾನು ನಿಂತರೆ ಸಾಕು, "ಕೈ ತೆಗೀರಿ!" ಎಂದು ಕೂಗಿಬಿಡುತ್ತೇನೆ. ಹೆಂಡತಿ ಮಹಾಲಕ್ಷ್ಮಮ್ಮ ಅಡುಗೆಮನೆಯಿಂದ ಓಡಿ ಬಂದು, "ಯಾರೂ ಕೈ ಹಾಕಿಲ್ಲ ಕಣ್ರೀ, ನೋಡಿ ಇಲ್ಲಿ" ಎಂದು ತನ್ನೆರಡೂ ಕೈ ತೋರಿಸುತ್ತಾಳೆ. ನಾನು ಆ ಕೈಗಳನ್ನು ಮುಟ್ಟಿ ನೋಡಿದ ಮೇಲೆಯೇ ಕೂರುತ್ತೇನೆ.

ಕಳೆದ ವಾರ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಪುಟ್ಟಗಂಗಮ್ಮ ಸಿಕ್ಕಳು. ಸೆರಗನ್ನು ಮೊಂಡುಗೈ ಮೇಲೆ ಎಳೆದುಕೊಂಡು ನಕ್ಕಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

"ಸ್ವಾಮ್ಯಾರೆ, ಆವತ್ತು ಆ ಪುಸ್ತಕದಾಗೆ ನಂಗೆಲ್ಲಾ ಗೊತ್ತಿತ್ತು ಅಂದ್ರಲ್ಲ. ಅದ್ರಾಗೆ ಏನಂತ ಬರ್ದಿತ್ತು?"

ಹೇಳಿದೆ. ಕರೆಂಟು ಹೋದರೆ ಮೊದಲು ಮೇನ್ ಸ್ವಿಚ್ಚು ಆಫ್ ಮಾಡಿ, ಆಮೇಲೆ ಕೈ ಹಾಕಬೇಕು.

ಆಕೆ ಮುಂದೆ ಇನ್ನೇನೋ ಇದೆ ಎಂದು ಕಾದಳು.

"ಅಷ್ಟೇಯಾ?" ಎಂದಳು. "ಇಷ್ಟನ್ನ ಬಾಯಲ್ ಹೇಳಿದ್ರೆ ಆಗ್ತಿರ್ಲಿಲ್ವಾ ಸ್ವಾಮಿ?"

ತಾವು ಇಂಗ್ಲಿಷ್ ಬಲ್ಲವರು. ಇದಕ್ಕೊಂದು ಉತ್ತರ ಹುಡುಕಿ ಕೊಡುತ್ತೀರಾ? ಅಷ್ಟರಲ್ಲಿ ಆಕೆಯ ಬಸ್ಸು ಬಂತು. ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದಳು.

ಈಗ ಅದೇ ಮೆಷಿನ್ನಿನಲ್ಲಿ ಆಕೆಯ ಸೊಸೆ ಲಕ್ಷ್ಮೀದೇವಮ್ಮ ನಿಲ್ಲುತ್ತಿದ್ದಾಳೆ. ಹೊಸ ರಿಜಿಸ್ಟರಿಗೆ ಸೋಮವಾರದೊಳಗೆ ಅವಳ ಹೆಬ್ಬೆಟ್ಟು ಒತ್ತಿಸಬೇಕೆಂದು ಕಾರ್ಖಾನೆಯ ಸಾಹುಕಾರರ ಹುಕುಂ ಆಗಿದೆ, ಆ ಹುಕುಂ ತಮ್ಮದೇ ಎಂದೂ ಗೊತ್ತು. ಒತ್ತಿಸುವುದಿಲ್ಲ. ಬದಲಿಗೆ ನಿನ್ನೆ ನಾನು ಮೆಷಿನ್ನಿನ ಹತ್ತಿರ ಹೋಗಿ ಆ ಒಂದು ಮಾತನ್ನು ಅವಳಿಗೆ ಹೇಳಿದೆ, ಅವಳ ಕೈಯಿಂದಲೇ ಸ್ವಿಚ್ಚು ಆಫ್ ಮಾಡಿಸಿದೆ. ಎರಡು ನಿಮಿಷ ಹಿಡಿಯಿತು. ಎಪ್ಪತ್ತೊಂದು ಕಾಲಮ್ಮುಗಳನ್ನು ವಾಪಸು ಪಡೆದು, ಪ್ರತಿ ಮೆಷಿನ್ನಿಗೆ ಒಂದೇ ಹಾಳೆ ಕೊಡಿ. ಕನ್ನಡದಲ್ಲಿರಲಿ, ದಪ್ಪಕ್ಷರದಲ್ಲಿರಲಿ, ಓದು ಬಾರದವರಿಗೆ ಚಿತ್ರವಿರಲಿ. ದಿನಾ ಬೆಳಿಗ್ಗೆ ಅದನ್ನು ಮೆಷಿನ್ನಿನ ಮುಂದೆ ನಿಂತು ಗಟ್ಟಿಯಾಗಿ ಓದಬೇಕೆಂದು ಆಜ್ಞೆ ಮಾಡಿ. ಮುಂದಿನ ಸಲ ಬಂದಾಗ ನನ್ನ ಅಕ್ಷರ ನೋಡಬೇಡಿ, ಅಲ್ಲಿ ಕೆಲಸ ಮಾಡುವ ಹೆಂಗಸನ್ನು ಕೇಳಿ.

ಇನ್ನೊಂದು ಉಳಿಯಿತು. ವರದಿಯಲ್ಲಿ ಪುಟ್ಟಗಂಗಮ್ಮನ ಹೆಸರಿನ ಮುಂದೆ ಬರೆದ ಅಜಾಗರೂಕತೆ ಎಂಬ ಪದವನ್ನು ಹೊಡೆದುಹಾಕಿ. ಕಾರಣ ಎಂಬಲ್ಲಿ, ನಿಯಮ ಗೊತ್ತಿದ್ದೂ ಬಾಯಿ ಬಿಡದ ಗುಮಾಸ್ತ ಎಂದು ಬರೆದು ನನ್ನ ಹೆಸರು ಹಾಕಿ, ನಾನು ಬಂದು ಸಹಿ ಮಾಡುತ್ತೇನೆ. ಕೆಳಗೆ ಜಾಗ ಉಳಿದರೆ ತಮ್ಮ ಹುದ್ದೆಯನ್ನೂ ಬರೆಯಿರಿ.

ಇಂತಿ,
ಹೇಳಬೇಕಾದದ್ದನ್ನು ಒಂದು ಕೈ ಹೋದ ಮೇಲೆ ಹೇಳುತ್ತಿರುವ
ಓಬಳಯ್ಯ