ಬೀಗರ ಸುದ್ದಿಗೆ ಹೂಂ ಅನ್ನುವ ಮುಂಚೆ

ಫೆಬ್ರವರಿ ಮೂವತ್ತು, ೨೧೮೭
ಕೆಳಗಿನ ಓಣಿ, ಹೊಸ ಗಂಗಾಪುರ

ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ ರುದ್ರಾಣಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಬೀಗರ ಮನೆಯ ಮದುವೆಗೆ ಒಳ್ಳೆಯ ಮುಹೂರ್ತ ಸಿಗದೆ ಹೋದಾಗ ಫೆಬ್ರವರಿಗೇ ದಿನ ಸೇರಿಸಿದರು, ಪಂಚಾಂಗದವರೂ ತಲೆಯಾಡಿಸಿದರು. ನನ್ನ ಮಾತುಗಳಲ್ಲಿ ಇನ್ನೂ ಕೆಲವು ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ಬೀಗರು ಎಂದರೆ ನಮ್ಮಲ್ಲಿ ಸರ್ಕಾರ. ಆಳುವ ಮನೆತನ ಒಂದು, ಸುದ್ದಿವಾಹಿನಿಗಳ ಒಡೆಯರ ಮನೆತನ ಇನ್ನೊಂದು. ಐದು ತಲೆಮಾರಿನಿಂದ ಹೆಣ್ಣು ಕೊಟ್ಟು ತಂದು, ಈಗ ಆಳುವವರು ಯಾರು, ಸುದ್ದಿ ಹೇಳುವವರು ಯಾರು ಎಂಬುದು ಅವರಿಗಾದರೂ ಗೊತ್ತಿದೆಯೋ ಇಲ್ಲವೋ. ಬೀಗರ ಮನೆಯ ಹುಳುಕನ್ನು ಬೀಗರೇ ಊರಿಗೆಲ್ಲ ಸಾರುತ್ತಾರೆಯೇ? ಮರ್ಯಾದಸ್ಥರು, ಪಾಪ.

ಈ ಎರಡು ಮನೆತನಗಳ ಮೊದಲ ಮದುವೆ ನಿಮ್ಮಲ್ಲಿ ಇನ್ನೂ ನಡೆದಿರಲಾರದು. ನಡೆದಾಗ ನೀವು ಟಿವಿ ಮುಂದೆಯೇ ಊಟ ಮಾಡಿ, ಧಾರೆಯ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತೀರಿ. ಆಮೇಲೆ ವಾಹಿನಿಯವರು ಒಂದು ಆಟ ಹೂಡುತ್ತಾರೆ. ಅಜ್ಜಿಯ ಕತೆಗೆ ಹೂಂಗುಟ್ಟಿದ ಹಾಗೆ ಸುದ್ದಿಗೆ ಹೂಂಗುಟ್ಟಿದವರಿಗೆ ಸೀರೆ ಬಹುಮಾನ. ನೀವು ಸೀರೆ ಗೆಲ್ಲುತ್ತೀರಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಸೀರೆ ನಿಂತುಹೋಗಿ ಹೂಂ ಮಾತ್ರ ಉಳಿಯುತ್ತದೆ.

ನಮ್ಮ ಮನೆಗಳಲ್ಲಿ ಒಂದು ಗೋಡೆ ಸುದ್ದಿಯದು. ದೀಪ ಹಚ್ಚುವ ಹೊತ್ತಿಗೆ ಅದು ಮಾತಾಡತೊಡಗುತ್ತದೆ. ರೊಟ್ಟಿ ಹೆಂಚಿನ ಮೇಲಿರಲಿ, ಮಗುವಿನ ತಲೆಗೆ ಸೀಗೆಪುಡಿ ಹಚ್ಚಿರಲಿ, ಬಂದು ಕೂತು ಒಂದೊಂದು ಸುದ್ದಿಗೂ ಹೂಂ ಅನ್ನಬೇಕು. ಗೋಡೆಗೆ ಎಲ್ಲರ ದನಿಯ ಗುರುತಿದೆ. ಒಬ್ಬರು ಸುಮ್ಮನಿದ್ದರೆ ಇಡೀ ಓಣಿಯ ನಲ್ಲಿಗಳು ಬಂದ್. ಇದಕ್ಕೆ ಓಣಿಕಟ್ಟು ಎನ್ನುತ್ತೇವೆ. ಹೀಗಾಗಿ ನಮ್ಮಲ್ಲಿ ಪೊಲೀಸರಿಗೆ ಅಷ್ಟೇನೂ ಕೆಲಸವಿಲ್ಲ, ನೆರೆಮನೆಯವರೇ ಸಾಕು.

ಕಳೆದ ವಾರ ಕೆಂಪುಗುಡ್ಡದ ಒಡ್ಡು ಒಡೆಯಿತು. ಕಟ್ಟಿಸಿದವರು ಬೀಗರೇ. ಅದರ ಕೆಳಗಿನ ಬಡಾವಣೆಯಲ್ಲಿ ನನ್ನ ತಂಗಿ ಪಂಪಾ ಇದ್ದಳು, ಇನ್ನೂ ಸಿಕ್ಕಿಲ್ಲ. ಒಡ್ಡು ಒಡೆದಿಲ್ಲ, ಬೇಕೆಂದೇ ತೆರೆದದ್ದು, ಎಲ್ಲರೂ ಕ್ಷೇಮ ಎಂದು ಗೋಡೆ ಹೇಳಿತು. ಹಳೆಯ ಕಾನೂನೊಂದನ್ನು ತೆಗೆಯಲು ಅವರು ಮರೆತಿದ್ದಾರೆ. ಒಡಹುಟ್ಟಿದವರು ಕ್ಷೇಮದ ಸುದ್ದಿಗೆ ಹೂಂ ಅನ್ನುವವರೆಗೆ ದೋಣಿಗಳು ಹುಡುಕುತ್ತಲೇ ಇರಬೇಕು. ಕಾಣೆಯಾದ ಉಳಿದವರ ಅಕ್ಕತಂಗಿ ಅಣ್ಣತಮ್ಮಂದಿರೆಲ್ಲ ಹೂಂ ಅಂದುಬಿಟ್ಟಿದ್ದಾರೆ. ಈಗ ದೋಣಿಗಳು ಓಡಾಡುತ್ತಿರುವುದು ನನ್ನೊಬ್ಬಳ ಮುಚ್ಚಿದ ಬಾಯಿಗಾಗಿ.

ಅಂದಿನಿಂದ ಓಣಿಗೆ ನಲ್ಲಿ ನೀರಿಲ್ಲ, ಹೊಳೆಯ ರಾಡಿ ನೀರೇ ಗತಿ. ಮೊದಮೊದಲು ಯಾರೂ ಏನೂ ಅನ್ನಲಿಲ್ಲ, ಪಂಪಾಳನ್ನು ಎತ್ತಿ ಆಡಿಸಿದವರೇ ಎಲ್ಲರೂ. ಆಮೇಲೆ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಇವತ್ತು ಪಕ್ಕದ ಮನೆಯ ಗುರುಬಸವ್ವ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಕೂಸಿಗೆ ವಾಂತಿಭೇದಿ, ತುಟಿ ಒಣಗಿ ಬಿರಿದಿತ್ತು. "ಒಂದ್ ಹೂಂ ಅಂದುಬಿಡ ನಮ್ಮವ್ವ," ಎಂದಳು. "ಪಂಪಾ ಇದ್ರ ತಾನಾ ಬರ್ತಾಳ. ಈ ಕೂಸು ಹೋದ್ರ ನಾ ಯಾರನ್ನ ಕೇಳ್ಲಿ?" ನನ್ನ ಕಾಲು ಹಿಡಿಯಲು ಬಗ್ಗಿದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ನಿಮ್ಮ ಮೇಲೆ. ಬಾಯಿ ಮುಚ್ಚಿಕೊಂಡಿದ್ದರೆ ನಿಮಗೆ ಹೋಗುತ್ತಿದ್ದದ್ದು ಒಂದು ಸೀರೆ, ಅಷ್ಟೇ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಆ ಮದುವೆಯನ್ನು ಬೇಕಾದರೆ ನೋಡಿ, ಒಡವೆಗಳ ಬಗ್ಗೆ ಮಾತಾಡಿಕೊಳ್ಳಿ. ಮರುದಿನ ಸುದ್ದಿಗೆ ಹೂಂ ಅನ್ನಿ ಎಂದು ಅವರು ನಗುನಗುತ್ತ ಕೇಳಿದಾಗ ಮಾತ್ರ ಎದ್ದು ಹೊರಗೆ ಹೋಗಿ. ಆಗ ನಿಮ್ಮ ನಲ್ಲಿಗಳನ್ನು ಯಾರೂ ನಿಲ್ಲಿಸಲಾರರು.

ಗೋಡೆ ಬೆಳಗುತ್ತಿದೆ. ಓಣಿಯವರೆಲ್ಲ ನನ್ನ ಬಾಗಿಲಲ್ಲಿ ಕೊಡ ಹಿಡಿದು ನಿಂತಿದ್ದಾರೆ. ಸ್ವಲ್ಪ ತಡೆಯಿರಿ.

ಹೂಂ ಅಂದೆ.

ನೀರು ಬಂತು. ಕೂಸು ಕುಡಿಯಿತು. ಗುರುಬಸವ್ವ ಅಳುತ್ತ ನನ್ನ ಹಣೆ ಸವರಿ ಹೋದಳು. ನನಗೆ ಅಳುವ ಹಕ್ಕೂ ಇಲ್ಲ. ತಂಗಿ ಕ್ಷೇಮ ಎಂದು ಒಪ್ಪಿಕೊಂಡವಳು ನಾನು. ಹೊಳೆಯಲ್ಲಿ ದೋಣಿಗಳು ದಡಕ್ಕೆ ತಿರುಗುತ್ತಿರುವ ಸದ್ದು ಇಲ್ಲಿಯವರೆಗೂ ಕೇಳುತ್ತಿದೆ.

ರುದ್ರಾಣಿ