ನಿಧಾನದ ಗಂಟೆ

ಜೋಸ್ ನಗರದ ಹಿರಿಯ ಪಾದ್ರಿ ಬಿತ್ರುಸ್ ಅವರಿಗೆ, ಚುವಾಂಗ್‌ನ ನಮಸ್ಕಾರಗಳು.

ತೀರಿಹೋದ ಪಾಸ್ಟರ್ ದಲ್ಯೋಪ್ ಅವರ ಜಾಗಕ್ಕೆ ನನ್ನನ್ನು ಆರಿಸಿದ್ದೀರಿ. ಶಾಲೆ ಬಿಟ್ಟವನಾದರೂ ಧೈರ್ಯವಂತ ಎಂದು ಊರವರು ಹೇಳಿದರಂತೆ. ನಾನು ಕಂಡದ್ದನ್ನು ಬರೆಯುತ್ತೇನೆ.

ನಮ್ಮ ಚರ್ಚಿನ ಗಂಟೆ ಲಾರಿ ಚಕ್ರದ ಹಳೆಯ ರಿಮ್ಮು. ನಿಧಾನವಾಗಿ ಬಾರಿಸಿದರೆ ಪ್ರಾರ್ಥನೆಗೆ ಬನ್ನಿ ಎಂದು, ಬಿರುಸಾಗಿ ಬಾರಿಸಿದರೆ ಓಡಿ ಎಂದು. ಮಚ್ಚು ಹಿಡಿದ ದಾಳಿಕೋರರು ಬಂದ ದಿನ ಊರೆಲ್ಲ ಜೋಳದ ಹೊಲದಲ್ಲಿ ಅಡಗಿತ್ತು. ನಾನು ಚರ್ಚಿನ ಕಳ್ಳಿಬೇಲಿಯ ಹಿಂದಿದ್ದೆ.

"ಏನಯ್ಯಾ ಕುರಿ ಕಾಯೋನೆ, ನಿನ್ನ ಮಂದೆ ಕರಿ. ನಿಧಾನಕ್ಕೆ ಬಾರ್ಸು," ಎಂದು ಪಾಸ್ಟರನ್ನು ಗಂಟೆಯ ಬಳಿ ಹಿಡಿದು ನಿಲ್ಲಿಸಿದ್ದ ದಾಳಿಕೋರರ ಮುಖಂಡ ನಕ್ಕ.

"ನನ್ನ ಗಂಟೆ ನಂಬಿ ಬರೋ ಜನ ಕಣಪ್ಪ. ಆಗಲ್ಲ," ಎಂದರು ಪಾಸ್ಟರ್.

ಅವರ ಬಲಗೈಯನ್ನು ಕಲ್ಲಿನ ಮೇಲಿಟ್ಟು ಬೆರಳುಗಳನ್ನು ಒಂದೊಂದಾಗಿ ಕಡಿದರು. ಕೊನೆಗೆ ಪಾಸ್ಟರ್, "ಸರಿ, ಬಾರಿಸ್ತೀನಿ," ಎಂದು ಎಡಗೈಯಲ್ಲಿ ಸರಳು ಹಿಡಿದು ಬಿರುಸಾಗಿ ಬಾರಿಸಿದರು. ಮಚ್ಚು ಕುತ್ತಿಗೆಗೆ ಬೀಳುವವರೆಗೂ ನಿಲ್ಲಿಸಲಿಲ್ಲ. ಹೊಲದಲ್ಲಿದ್ದವರು ಗುಡ್ಡದಾಚೆ ಓಡಿ ಬದುಕಿದರು.

ನಾನಾಗಿದ್ದರೆ ಮೊದಲ ಬೆರಳಿಗೇ ನಿಧಾನವಾಗಿ ಬಾರಿಸುತ್ತಿದ್ದೆ. ದಯವಿಟ್ಟು ಬೇರೆಯವರನ್ನು ಬೇಗ ಕಳಿಸಿ. ರಿಮ್ಮಿನ ರಕ್ತ ತೊಳೆದಿದ್ದೇನೆ. ಸದ್ಯಕ್ಕೆ ಭಾನುವಾರ ನಾನೇ ಬಾರಿಸುತ್ತಿದ್ದೇನೆ. ಕೇಳಿದೊಡನೆ ಎಲ್ಲರೂ ಬಂದುಬಿಡುತ್ತಾರೆ, ಮಕ್ಕಳನ್ನೂ ಕರೆದುಕೊಂಡು. ನನಗೆ ಅದೇ ಭಯ.

ನಿಮ್ಮ ಮಾತು ಮೀರಿದ,
ಚುವಾಂಗ್