ರಾಮದುರ್ಗಕ್ಕೆ ಹೋದ ಹಳೆಯ ಪೆಟ್ಟಿಗೆಗಳು

ಗೆಳೆಯ ಬಸ್ಯಾ,

ನೀನು ಹೋಗಿ ಐದು ತಿಂಗಳಾಯಿತು. ಇಷ್ಟು ದಿನ ನಿನಗೊಂದು ಕಾಗದ ಬರೆಯಲಿಲ್ಲ. ದುಃಖದಿಂದ ಕೈ ಓಡಲಿಲ್ಲ ಅಂತ ಹೇಳಿದರೆ ಚೆಂದ ಇರುತ್ತಿತ್ತು. ಆದರೆ ನಿಜ ಅದಲ್ಲ. ನನಗೆ ಹೊಟ್ಟೆಕಿಚ್ಚಾಗಿತ್ತು. ಸತ್ತವನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಅಂತ ಕೇಳಬೇಡ. ನಾನು ಪಟ್ಟಿದ್ದೇನೆ.

ಸಂಗೊಳ್ಳಿಯ ನಿಮ್ಮ ಹೊಲದಲ್ಲಿ ನಿನ್ನನ್ನು ಮಣ್ಣು ಮಾಡಿದ ದಿನ ಎಲ್ಲರಿಗಿಂತ ಹೆಚ್ಚು ಅಳುವ ಹಕ್ಕು ನನಗಿತ್ತು. ಒಂದೇ ಓಣಿಯಲ್ಲಿ ಬೆಳೆದವರು, ಒಂದೇ ಶಾಲೆಗೆ ಹೋದವರು. ಆದರೆ ಕುಣಿಯ ಅಂಚಿನಲ್ಲಿ ಒಬ್ಬ ಸಣಕಲ ಮನುಷ್ಯ ಮಂಡಿಯೂರಿ ಕೂತು ನನಗಿಂತ ಜೋರಾಗಿ ಅಳುತ್ತಿದ್ದ. ಜನ ನನ್ನನ್ನು ಬಿಟ್ಟು ಅವನಿಗೆ ನೀರು ಕೊಟ್ಟರು. ರಾಮದುರ್ಗದ ನೇಕಾರ ಈರಣ್ಣ. ಅಳು ನಿಂತ ಮೇಲೆ ಅವನು ಬಾಯಲ್ಲೇ ಒಂದು ಧಾಟಿ ಗುನುಗಿದ. ಭಜನೆಯದಲ್ಲ, ನಿನ್ನ ಅಮೆರಿಕದ ಹಾಡಿನ ಧಾಟಿ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಅದು ಗೊತ್ತಿದ್ದವರು ನಾವಿಬ್ಬರೇ.

ಧಾರವಾಡದ ಹಾಸ್ಟೆಲ್ಲಿನಿಂದ ರಜೆಗೆ ಬಂದಾಗ ನೀನು ಮೊದಲ ರೆಕಾರ್ಡು ತಂದಿದ್ದೆ, ನೆನಪಿದೆಯೇ? ಕಂಟ್ರಿ ಮ್ಯೂಸಿಕ್ ಅಂದರೆ ಏನೋ ಅಂತ ಕೇಳಿದ್ದಕ್ಕೆ, ಅಲ್ಲಿಯ ಹಳ್ಳಿ ಮಂದಿ ಹಾಡುವ ಹಾಡು ಅಂದೆ. ಹತ್ತಿ ಬಿಡಿಸುವ ತಾಯಿ, ತಪ್ಪಿಹೋದ ರೈಲು, ಕುಡಿದು ಹಾಳಾದ ಗಂಡ, ಜೇಲಿನಿಂದ ಬರೆದ ಕಾಗದ. ಸಾಲು ಸಾಲಾಗಿ ಅರ್ಥ ಬಿಡಿಸಿ ಹೇಳಿದೆ. ಬೆಳಿಗ್ಗೆಯಿಂದ ಹತ್ತಿ ಬಿಡಿಸಿ ಬೆರಳು ಕೊಯ್ದುಕೊಂಡು ಬಂದಿದ್ದ ನಾನು ಬಾಯಿ ತೆರೆದು ಕೇಳಿದೆ. ಆಮೇಲೆ ನೀನು ಬೈಲಹೊಂಗಲದಲ್ಲಿ ಇಂಗ್ಲಿಷ್ ಮಾಸ್ತರನಾದೆ, ನಾನು ಅಲ್ಲೇ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟೆ.

ನಿನ್ನ ಮನೆಗೆ ಮೊದಲ ಪೆಟ್ಟಿಗೆ ಬಂದ ದಿನ ನಾನೂ ಇದ್ದೆ. ಹಳೆಯ ಹಾಡುಗಳನ್ನೆಲ್ಲ ಕೂಡಿಸಿ ಕಂಪನಿಯವರು ಮತ್ತೆ ಹೊರತಂದದ್ದು. ಬಟ್ಟೆ ಹೊದಿಸಿದ ರಟ್ಟಿನ ಪೆಟ್ಟಿಗೆ, ಒಳಗೆ ಹತ್ತು ರೆಕಾರ್ಡು, ಫೋಟೋ ತುಂಬಿದ ಒಂದು ದಪ್ಪ ಪುಸ್ತಕ. ಅದರ ಮೇಲೆ ನಾನು ಅಂಗೈ ಇಟ್ಟೆ ನೋಡು, ಅಂದು ಮನೆಗೆ ಬಂದು ಉಂಡದ್ದು ಮೈಗೆ ಹತ್ತಲಿಲ್ಲ. ಅಂಥ ನಾಲ್ಕು ಪೆಟ್ಟಿಗೆ ಕೊಳ್ಳುವ ತಾಕತ್ತು ನನಗಿತ್ತು. ಯಾವುದನ್ನು ಕೊಳ್ಳಬೇಕು ಅನ್ನುವುದು ಮಾತ್ರ ನಿನಗೊಬ್ಬನಿಗೇ ಗೊತ್ತಿತ್ತು.

ಅವೇ ಹಾಡುಗಳು ಕೆಲ ವರ್ಷಕ್ಕೊಮ್ಮೆ ಹೊಸ ಪೆಟ್ಟಿಗೆಯಲ್ಲಿ ಮತ್ತೆ ಬರತೊಡಗಿದವು. ನೀನು ಹೊಸದನ್ನು ತರಿಸುತ್ತಿದ್ದೆ. ಎಂಟು ದಿನ ಬಿಟ್ಟು ಹಳೆಯದನ್ನು ಪಂಚೆಯಲ್ಲಿ ಸುತ್ತಿಕೊಂಡು ಬಂದು, "ಇದನ್ನ ನೀ ಇಟ್ಕೊ, ಹಚ್ಚಿ ಕೇಳು" ಅನ್ನುತ್ತಿದ್ದೆ. ಮೂಲೆ ಜಜ್ಜಿದ ಪೆಟ್ಟಿಗೆ, ಮುಚ್ಚಳದ ಒಳಗೆ ಶಾಯಿಯಲ್ಲಿ ನಿನ್ನ ಹೆಸರು. ನಮ್ಮಣ್ಣನ ಹಳೆಯ ಅಂಗಿ ತೊಟ್ಟು ದೊಡ್ಡವನಾದವನು ನಾನು, ನಿನಗೆ ಗೊತ್ತು. ಪ್ರತಿ ಸಲ ಆ ಅಂಗಿಯನ್ನೇ ಮತ್ತೆ ತೊಟ್ಟಂತೆ ಆಗುತ್ತಿತ್ತು. ಒಂದೇ ಒಂದು ಸಲ ಹಳೆಯದನ್ನು ನೀನಿಟ್ಟುಕೊಂಡು ಹೊಸದನ್ನೇ ನನಗೆ ಕೊಟ್ಟೆ. ಅದರ ಬಣ್ಣ ನಿನಗೆ ಹಿಡಿಸಲಿಲ್ಲವೇನೋ ಅಂದುಕೊಂಡೆ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ನಿನಗೆ ಹೇಳದೆ, ನೀನು ತರಿಸಿದಂಥವೇ ಮೂರು ಹೊಸ ಪೆಟ್ಟಿಗೆ ತರಿಸಿ ಕಪಾಟಿನಲ್ಲಿ ಜೋಡಿಸಿದೆ. ನೀನು ಕೊಟ್ಟ ಹಳೆಯ ಮೂರಕ್ಕೆ ಜಾಗವಿರಲಿಲ್ಲ, ಅವನ್ನು ಕಂಡರೆ ಆಗುತ್ತಲೂ ಇರಲಿಲ್ಲ. ಈರಣ್ಣನನ್ನು ನೀನೇ ಒಮ್ಮೆ ನನ್ನ ಮನೆಗೆ ಕರೆತಂದಿದ್ದೆ, ಭಜನೆಗೆ ಹಾರ್ಮೋನಿಯಂ ಪೇಟಿ ನುಡಿಸುತ್ತಾನೆ ಅಂತ. ಅವನು ಕೈ ಹಿಂದೆ ಕಟ್ಟಿಕೊಂಡು ಕಪಾಟನ್ನೇ ನೋಡುತ್ತ ನಿಂತಿದ್ದ. ನಾನು ನೋಡಿದ್ದು ಅವನ ಸವೆದ ಚಪ್ಪಲಿಯನ್ನು. ಇಂಥವನಿಗೆ ಇದೇ ಸಾಕು ಅಂತ ಮೂರೂ ಪೆಟ್ಟಿಗೆ ಚೀಲಕ್ಕೆ ತುಂಬಿ, ರಾಮದುರ್ಗಕ್ಕೆ ಹೊರಟ ನಮ್ಮ ಟೆಂಪೋದಲ್ಲಿ ಕಳಿಸಿದೆ. ಮಾಸ್ತರರಿಗೆ ಹೇಳಬೇಡ ಅಂತಲೂ ಹೇಳಿ ಕಳಿಸಿದೆ.

ಕೆಲವು ತಿಂಗಳಾದ ಮೇಲೆ ಅಂಗಡಿಯಲ್ಲಿ ಚಹಾ ಕುಡಿಯುತ್ತ ನೀನು ಕೇಳಿದೆ, "ಹಳೇ ಪೆಟ್ಟಿಗಿ ಹಚ್ಚಿ ಕೇಳತಿಯೋ ಇಲ್ಲೋ?" ಒಳಗಿನ ಕೋಣೆಯಲ್ಲಿಟ್ಟು ದಿನಾ ಕೇಳುತ್ತೇನೆ ಅಂದೆ. ನೀನು ಬಟ್ಟಲು ಕೆಳಗಿಟ್ಟು, ಛಲೋ ಆತು ಅಂದೆ. ಅಷ್ಟೇ. ಆಗಲೇ ನಿನಗೆ ಗೊತ್ತಾಗಿತ್ತೇನೋ...

ಅದಾದ ಮೇಲೆ ಪ್ರತಿ ಅಮವಾಸ್ಯೆಗೆ ನೀನು ಊರಲ್ಲಿ ಇರದಾದೆ. ಕೇಳಿದರೆ ರಾಮದುರ್ಗದಲ್ಲಿ ಸ್ವಲ್ಪ ಕೆಲಸ. ನಿವೃತ್ತ ಮಾಸ್ತರನಿಗೆ ಅಲ್ಲಿ ಎಂಥ ಕೆಲಸ? ಒಮ್ಮೆ ವಸೂಲಿಗೆ ಅಂತ ಸವದತ್ತಿಗೆ ಹೋದವನು ನಿಲ್ದಾಣದಲ್ಲಿ ನಿನ್ನನ್ನು ಕಂಡೆ. ರಾಮದುರ್ಗದ ಬಸ್ಸು ಹತ್ತುತ್ತಿದ್ದೆ, ಕೈಯಲ್ಲಿ ರೆಕಾರ್ಡು ಒರೆಸುವ ನಿನ್ನ ಮಖಮಲ್ಲಿನ ಬಟ್ಟೆ. ನಾನು ಕಬ್ಬಿನ ಹಾಲಿನ ಗಾಡಿಯ ಹಿಂದೆ ಅಡಗಿ ನಿಂತೆ, ಮೊಮ್ಮಕ್ಕಳಿರುವ ಮನುಷ್ಯ. ಆ ಈರಣ್ಣನೆದುರು ಕೂತು ಹಾಡು ಕೇಳಲಿಕ್ಕೆ ಎರಡು ಬಸ್ಸು ಬದಲಿಸಿ ಹೋಗುತ್ತೀಯಾ? ಮೂರು ಓಣಿ ದಾಟಿದರೆ ನನ್ನ ಮನೆಯಿರಲಿಲ್ಲವೇ? ಇದನ್ನು ನಿನ್ನ ಮುಖಕ್ಕೆ ಕೇಳಬೇಕಿತ್ತು. ಕೇಳುವ ಬದಲು ಎರಡು ವರ್ಷ ಇನ್ನಷ್ಟು ಪೆಟ್ಟಿಗೆ ತರಿಸಿದೆ.

ನಿನ್ನ ದಿನಕರ್ಮಗಳೆಲ್ಲ ಮುಗಿದ ಮೇಲೆ ನಿನ್ನ ಹೆಂಡತಿ, ನಮ್ಮ ವೈನಿ, ನನ್ನನ್ನು ಕರೆಸಿದರು. ನಿನ್ನ ಪೆಟ್ಟಿಗೆಗಳೆಲ್ಲ ನನಗೇ ಸೇರಬೇಕೆಂದು ನೀನು ಹೇಳಿದ್ದೆಯಂತೆ. ಅದನ್ನು ಕೇಳಿ ಒಂದು ಗಳಿಗೆ ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಮನೆಗೆ ತಂದು ಜೋಡಿಸಿದರೆ ಹೆಚ್ಚಿನವು ನನ್ನಲ್ಲಿ ಆಗಲೇ ಇದ್ದವು. ಎಲ್ಲ ಎರಡೆರಡು, ನಮ್ಮ ಅಂಗಡಿಯ ಬೇರಿಂಗುಗಳ ಹಾಗೆ. ಹಾಗಾದರೆ ರಾಮದುರ್ಗದಲ್ಲಿ ಏನಿದೆ? ನನಗೆ ತೋರಿಸದ ಯಾವ ಪೆಟ್ಟಿಗೆಯನ್ನು ಅವನಿಗೆ ಕೊಟ್ಟೆ? ಜಗಳ ಮಾಡಿಯಾದರೂ ತರಬೇಕೆಂದು ಮೊನ್ನೆಯ ಅಮವಾಸ್ಯೆಗೆ ಬಸ್ಸು ಹತ್ತಿದೆ.

ಈರಣ್ಣನ ಓಣಿಗೆ ಕಾಲಿಟ್ಟಾಗ ಮಗ್ಗದ ಒಂದು ಸದ್ದೂ ಇರಲಿಲ್ಲ. ಉಳಿದ ದಿನ ಆ ಓಣಿಯಲ್ಲಿ ಎದುರಿನವರ ಮಾತು ಕೇಳಿಸುವುದಿಲ್ಲವಂತೆ. ನೇಕಾರರು ಅಮವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ, ಹಾಡು ಕೇಳಲಿಕ್ಕೆ ಅದೊಂದೇ ದಿನ. ನೀನು ಅದೇ ದಿನ ಯಾಕೆ ಹೋಗುತ್ತಿದ್ದೆ ಅಂತ ಆಗ ತಿಳಿಯಿತು. ಒಳಗೆ ದೇವರ ಜಗಲಿಯ ಕೆಳಗೆ ಗೋಡೆಯ ಗೂಡಿನಲ್ಲಿ, ಸೀರೆಯ ತುಂಡಿನಲ್ಲಿ ಸುತ್ತಿದ ಮೂರು ಪೆಟ್ಟಿಗೆ ಇದ್ದವು. ಬಿಚ್ಚಿ ನೋಡಿದೆ. ಜಜ್ಜಿದ ಮೂಲೆ, ಶಾಯಿಯಲ್ಲಿ ನಿನ್ನ ಹೆಸರು. ನಾನೇ ಚೀಲಕ್ಕೆ ತುಂಬಿ ಕಳಿಸಿದವು.

"ನಾ ಹೇಳಲಿಲ್ರಿ ಸಾವಕಾರ್ರ," ಅಂದ ಈರಣ್ಣ. "ಒಂದಿನ ಮಾಸ್ತರು ತಾವ ಬಂದ್ರು, ಕಂಡ್ರು. ಮುಚ್ಚಳಾ ತಗದು ತಮ್ಮ ಹೆಸರಿನ ಮ್ಯಾಲೆ ಬೆರಳಾಡಿಸಿದ್ರು. ಆಮ್ಯಾಲೆ, ಹಚ್ಚು ಅಂದ್ರು."

ಇವೇ ಹಾಡು ಮಾಸ್ತರರ ಹೊಸ ಪೆಟ್ಟಿಗೆಯಲ್ಲಿ ಇದ್ದವಲ್ಲ ಅಂತ ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಹೊಸದರಲ್ಲಿ ಹಾಡುವವನ ಉಸಿರು ಕೇಳಿಸುವುದಿಲ್ಲವಂತೆ. ಹಳೆಯ ಗರಗರ ಸದ್ದು ತೆಗೆಯಲು ಹೋಗಿ ಉಸಿರನ್ನೂ, ಪಿಟೀಲಿನ ಕಮಾನು ತಂತಿಗೆ ತಾಗುವ ಸದ್ದನ್ನೂ ಒರೆಸಿ ಹಾಕಿದ್ದಾರಂತೆ. ನೀನು ಹೊಸದು, ಹಳೆಯದು ಎರಡನ್ನೂ ಎಂಟು ದಿನ ಹಚ್ಚಿ ಕೇಳಿ, ಯಾವುದು ಛಲೋ ಇದೆಯೋ ಅದನ್ನು ನನಗೆ ತಂದು ಕೊಡುತ್ತಿದ್ದೆಯಂತೆ. ಪ್ರತಿ ಸಲವೂ.

ಮತ್ತೆ ಮಾಸ್ತರು ನನಗೇಕೆ ಹೇಳಲಿಲ್ಲ? ಇದನ್ನು ಈರಣ್ಣನಿಗೆ ಕೇಳಿದೆ. ನನ್ನ ಕಿವಿಗೆ ತಾನಾಗಿಯೇ ಗೊತ್ತಾಗಲಿ ಅಂತ ನೀನು ಅನ್ನುತ್ತಿದ್ದೆಯಂತೆ. ಬಸ್ಯಾ, ನೀನು ಕೊನೆಯವರೆಗೂ ಮಾಸ್ತರನೇ. ನನ್ನ ಕಪಾಳಕ್ಕೆ ಒಂದು ಕೊಟ್ಟು ಹೇಳಬೇಕಿತ್ತು. ನಾನು ಪೆಟ್ಟಿಗೆ ಕೂಡಿಸಿದೆನೇ ಹೊರತು ಅವುಗಳಲ್ಲಿ ಅರ್ಧವನ್ನೂ ಹಚ್ಚಿ ಕೇಳಿದವನಲ್ಲ. ಇದನ್ನು ಹೆಂಡತಿಗೂ ಹೇಳಿಲ್ಲ. ಅಂದು ಈರಣ್ಣನಿಗೆ ಹೇಳಿದೆ.

ಅವನು ತನ್ನ ಹಳೆಯ ಪ್ಲೇಯರಿನ ಮೇಲೆ ಒಂದು ರೆಕಾರ್ಡು ಹಚ್ಚಿದ. ನೆಲದ ಮೇಲೆ ಕೂತು ಕೇಳಿದೆವು. ಮೊದಲ ಸಾಲಿಗೂ ಎರಡನೆಯದಕ್ಕೂ ನಡುವೆ ಆ ಮನುಷ್ಯ ಉಸಿರು ಎಳೆದುಕೊಂಡದ್ದು ಕೇಳಿಸಿತು. ಎದುರಿಗೇ ಕೂತಿದ್ದಾನೆ ಅನ್ನಿಸಿತು. ನನಗೆ ಅಳು ಬಂತು. ಈ ಸಲ ಯಾರ ಹಕ್ಕಿನ ಲೆಕ್ಕವನ್ನೂ ಇಡಲಿಲ್ಲ.

ರೆಕಾರ್ಡು ತಿರುವಿ ಹಾಕುತ್ತ ಈರಣ್ಣ ಅಂದ, "ಸಿಟ್ಟಾಗಬ್ಯಾಡ್ರಿ, ನಿಮ್ಮನ್ನ ಕಂಡ್ರ ನನಗ ಹೊಟ್ಟಿಕಿಚ್ಚ ಇತ್ರಿ. ಒಂದ್ ಹಾಡ ಮುಗಿಯೂದ ತಡಾ, ಇದನ್ನ ನಮ್ಮ ಶಿವ್ಯಾ ಕೇಳಬೇಕಿತ್ತು ಅಂತಿದ್ರು. ಹಂಗಾರ ಕರಕೊಂಡ ಬರ್ರಿ ಅಂದ್ರ, ಕರದ್ರ ಬರಂಗಿಲ್ಲ, ತಾನ ಬರತಾನ ತಗೊ ಅಂತಿದ್ರು."

ಪೆಟ್ಟಿಗೆ ಒಯ್ಯಿರಿ ಅಂತ ಅವನೇ ಹೊರಗೆ ತಂದಿಟ್ಟ. ಅವನ್ನು ಒಳಗಿಡಿಸಿ ಬಂದೆ. ನಾನು ದೊಡ್ಡ ಮನಸ್ಸಿನವನಾದೆ ಅಂತ ತಿಳಿಯಬೇಡ. ಎರಡು ವರ್ಷದ ಅಮವಾಸ್ಯೆಗಳು ಅವನಿಗೆ ಸಿಕ್ಕವು, ಯಾವ ಸಾಲಿಗೆ ನೀನು ಬೆರಳೆತ್ತುತ್ತಿದ್ದೆ ಅನ್ನುವುದು ಅವನಿಗೆ ಗೊತ್ತು. ಅದಕ್ಕೆ ನನ್ನ ಹೊಟ್ಟೆ ಈಗಲೂ ಉರಿಯುತ್ತಿದೆ, ನಾನು ಮಣ್ಣಿಗೆ ಹೋಗುವವರೆಗೂ ಉರಿಯುತ್ತದೆ. ಆದರೂ ಬರುವ ಅಮವಾಸ್ಯೆಗೆ ಮತ್ತೆ ಹೋಗುತ್ತೇನೆ, ಅದರ ಮುಂದಿನದಕ್ಕೂ. ಯಾರೂ ಕರೆಯಲಿಲ್ಲ ಬಸ್ಯಾ, ನಾನೇ ಬಂದೆ. ನೀನು ಇನ್ನೊಂದು ಐದು ತಿಂಗಳು ಕಾಯಬಾರದಿತ್ತೇ?

ನಿನ್ನ
ಶಿವ್ಯಾ